ಜೋಡಿಸುವ ವಿಧಿಯನ್ನು ಬರೆದು ತೋರಿಸುವುದೇಕೆ?

ಗಣಕಯಂತ್ರದ ಪಾಠಕ್ಕೆ ಮೀಸಲಾದ ಅವಧಿಯಲ್ಲಿ ಬಾಲಿಕೆಯರು ಕಾಗದ ಲೇಖನಿಗಳನ್ನು ಹಿಡಿದು ಕನ್ನಡ ವಾಕ್ಯಗಳನ್ನು ರಚಿಸುತ್ತಿರುವುದೇಕೆಂದು ತಾಯ್ತಂದೆಗಳಲ್ಲಿ ಕೆಲವರು ಕೇಳುವುದುಂಟು. ಯಂತ್ರದ ಮುಂದೆ ಕಳೆಯಬೇಕಾದ ಹೊತ್ತು ವ್ಯರ್ಥವಾಗುತ್ತಿದೆಯೆಂಬುದು ಅವರ ಅಸಮಾಧಾನ. ಶುಲ್ಕವನ್ನು ಕಷ್ಟದಿಂದ ಹೊಂದಿಸುವವರು ಹೀಗೆ ಕೇಳುವುದು ನ್ಯಾಯವೇ. ಆದರೂ ನನ್ನ ಅಭಿಪ್ರಾಯವು ಬೇರೆ.

40 ಉತ್ತರಪತ್ರಿಕೆಗಳ ಕಟ್ಟನ್ನು ಕೊಟ್ಟು, ಹೆಚ್ಚು ಅಂಕದವು ಎಡಕ್ಕೆ ಬರುವಂತೆ ಜೋಡಿಸೆಂದರೆ ಯಾವ ಹುಡುಗಿಯೂ ಜೋಡಿಸಿಯಾಳು. ಹೇಗೆ ಜೋಡಿಸಿದೆಯಮ್ಮಾ ಎಂದು ಕೇಳಿದರೆ, "ನೋಡಿ ನೋಡಿ ಇಟ್ಟೆನು" ಎನ್ನುವಳು. ಕೈಗೆ ಗೊತ್ತಿರುವುದು ಬಾಯಿಗೆ ಬಾರದು. ಯಂತ್ರಕ್ಕೋ ಕಣ್ಣಿಲ್ಲ, ಎರಡೆರಡನ್ನೇ ಹೋಲಿಸುತ್ತ ಅದು ಸಾಗಬೇಕು. ಆದುದರಿಂದ ವಿಧಿಯನ್ನು ಹೀಗೆ ಹೇಳಬೇಕಾಗುತ್ತದೆ: ಮೊದಲನೆಯ ಪತ್ರಿಕೆಯನ್ನು ಮೇಜಿನ ಮೇಲಿಡು. ಮುಂದಿನದನ್ನು ಕೈಗೆತ್ತಿಕೊಂಡು, ಮೇಜಿನ ಸಾಲಿನ ಬಲತುದಿಯಿಂದ ಎಡಕ್ಕೆ ಸಾಗುತ್ತಾ, ಅದಕ್ಕಿಂತ ಕಡಮೆ ಅಂಕವುಳ್ಳವನ್ನೆಲ್ಲ ದಾಟು. ಕಡಮೆಯಲ್ಲದ್ದು ಎದುರಾದೊಡನೆ ಅದರ ಬಲಮಗ್ಗುಲಲ್ಲಿಡು. ಅಂಥದು ಎದುರಾಗದಿದ್ದರೆ ಎಲ್ಲಕ್ಕೂ ಎಡಗಡೆ ಇಡು. ಕಟ್ಟು ತೀರುವ ತನಕ ಹೀಗೆಯೇ ಮಾಡು.

ಇಷ್ಟು ಸಾಲದು. ಈ ವಿಧಿ ಏಕೆ ತಪ್ಪದು? ಪ್ರತಿ ಹೆಜ್ಜೆಯ ಕೊನೆಯಲ್ಲಿಯೂ ಮೇಜಿನ ಮೇಲಿನ ಸಾಲು ತನ್ನೊಳಗೆ ಕ್ರಮವಾಗಿಯೇ ಇರುತ್ತದೆ, ಕಟ್ಟಿನಲ್ಲಿ ಒಂದು ಪತ್ರಿಕೆ ಕಡಮೆಯಾಗಿರುತ್ತದೆ. ಈ ವಾಕ್ಯವನ್ನು ತಾನಾಗಿ ಬರೆದವಳು ವಿಧಿಯನ್ನು ತಿಳಿದವಳು, ಬರೆಯಲಾರದವಳು ಉರುಹೊಡೆದವಳು ಎಂಬುದು ನನ್ನ ಅಳತೆ. ರೇಖಾಗಣಿತದ ಸಾಧನೆಗಳನ್ನು ಬರೆದು ಬೇಸತ್ತ ಹಳೆಯ ವಿದ್ಯಾರ್ಥಿನಿಯರು ಇದರ ಗುರುತು ಹಿಡಿಯುವರು.

ಮಾತಿನಲ್ಲಿ ಎಷ್ಟು ಎಚ್ಚರಿಕೆ ಬೇಕೆಂಬುದಕ್ಕೆ ಒಂದು ನಿದರ್ಶನ. ಕಟ್ಟು ಮೊದಲೇ ಹೆಸರುಗಳ ಅಕಾರಾದಿಯಲ್ಲಿದ್ದಿತೆನ್ನಿ. ಮೇಲಿನ ವಿಧಿಯಂತೆ ಜೋಡಿಸಿದರೆ, ಸಮಾನ ಅಂಕ ಪಡೆದವರಲ್ಲಿ ಕಮಲೆಯ ಹಿಂದೆಯೇ ಲೀಲೆ ನಿಲ್ಲುವಳು. "ಕಡಮೆ ಅಂಕವುಳ್ಳವನ್ನು ದಾಟು" ಎನ್ನುವ ಬದಲು "ಕಡಮೆ ಇಲ್ಲವೆ ಸಮಾನ ಅಂಕವುಳ್ಳವನ್ನು ದಾಟು" ಎಂದು ಬರೆದರೆ ಲೀಲೆ ಮುಂದಾಗುವಳು. ಅಂಕಗಳ ಕ್ರಮ ಕೆಡಲಿಲ್ಲ; ಹೆಸರುಗಳ ಕ್ರಮ ತಲೆಕೆಳಗಾಯಿತು. ಒಂದೇ ಮಾತಿನ ವ್ಯತ್ಯಾಸ!

ಶ್ರಮದ ಲೆಕ್ಕವೂ ವಿವರಣೆಯಿಂದಲೇ ದೊರೆಯುತ್ತದೆ. ಈ ವಿಧಿಯಲ್ಲಿ 40 ಪತ್ರಿಕೆಗಳಿಗೆ ಹೆಚ್ಚೆಂದರೆ 780 ಹೋಲಿಕೆಗಳು, 1,000 ಪತ್ರಿಕೆಗಳಿಗೆ 4,99,500. ಜಾನ್ ವಾನ್ ನಾಯ್ಮನ್ ಎಂಬ ಗಣಿತಜ್ಞರು 1945ರಲ್ಲಿ ರೂಪಿಸಿದ ವಿಧಿ ಬೇರೊಂದುಂಟು: ಕಟ್ಟನ್ನು ಎರಡು ಪಾಲು ಮಾಡಿ, ಪ್ರತಿ ಪಾಲನ್ನೂ ಅದೇ ರೀತಿ ಜೋಡಿಸಿ, ಬಳಿಕ ಎರಡರ ಮೊದಲ ಪತ್ರಿಕೆಗಳನ್ನು ಹೋಲಿಸುತ್ತ ಒಂದಾಗಿ ಸೇರಿಸುವುದು. ಇದರಲ್ಲಿ 1,000ಕ್ಕೆ 8,977 ಹೋಲಿಕೆಗಳು ಮೀರವು.

ಬರೆಯುವ ಕೆಲಸ ಮಕ್ಕಳ ಆಟವೆಂದು ಭಾವಿಸುವವರು ಇದನ್ನು ಕೇಳಬೇಕು. 2002ರಲ್ಲಿ ಟಿಮ್ ಪೀಟರ್ಸ್ ಎಂಬವರು ಪೈಥಾನ್ ಭಾಷೆಗಾಗಿ ರಚಿಸಿದ ಜೋಡಣೆಯ ವಿಧಿಯು ತರುವಾಯ ಜಾವಾ ಭಾಷೆಗೂ ಹೋಗಿ, ಲೆಕ್ಕವಿಲ್ಲದಷ್ಟು ಯಂತ್ರಗಳಲ್ಲಿ ನಡೆಯುತ್ತಿದ್ದಿತು. ಪ್ರತಿ ಹೆಜ್ಜೆಯ ಕೊನೆಯಲ್ಲಿ ಸತ್ಯವಾಗಿರುವುದೆಂದು ಅದರ ವಿವರಣೆಯಲ್ಲಿದ್ದ ಮಾತನ್ನು 2015ರಲ್ಲಿ ವಿದ್ವಾಂಸರು ಕೆಲವರು ಸಾಧಿಸಹೊರಟಾಗ, ಅದು ಕೆಲವೆಡೆ ಸುಳ್ಳಾಗುವುದು ಕಂಡುಬಂದಿತು. ಅಷ್ಟು ವರ್ಷಗಳ ಬಳಕೆಯಲ್ಲಿ ಹೊರಬೀಳದ ದೋಷವು ಒಂದು ವಾಕ್ಯವನ್ನು ಶೋಧಿಸಿದವರಿಗೆ ಸಿಕ್ಕಿತು.

ಈ ಬರವಣಿಗೆ ಇಂಗ್ಲಿಷಿನಲ್ಲಾಗಲೆಂಬ ಸಲಹೆಯೂ ಬಂದಿದೆ. ಯಂತ್ರದ ಭಾಷೆ ಇಂಗ್ಲಿಷನ್ನು ಹೋಲುವುದರಿಂದ ಅದನ್ನು ಕಲಿಯಲೇಬೇಕು, ನಿಜ. ಆದರೆ ಎರವಲು ಮಾತಿನಲ್ಲಿ ಅರ್ಥವಾಗದ್ದನ್ನು ಮರೆಮಾಚುವುದು ಸುಲಭ; ಮನೆಮಾತಿನಲ್ಲಿ ಅಷ್ಟು ಸುಲಭವಲ್ಲ. ಇನ್ನು ಮುಂದೆ ಈ ಪಾಠದ ಅಂಕಗಳಲ್ಲಿ ಅರ್ಧವನ್ನು ಲಿಖಿತ ವಿವರಣೆಗೇ ಕೊಡಬೇಕೆಂಬುದು ನನ್ನ ಸೂಚನೆ. ತಾಯ್ತಂದೆಗಳು ಒಪ್ಪುವ ಮೊದಲು ಮನೆಯಲ್ಲಿರುವ ವಿದ್ಯುತ್ತಿನ ರಶೀದಿಗಳನ್ನು ಕಲಸಿಟ್ಟು, ಮಗಳು ಬರೆದುಕೊಟ್ಟಂತೆಯೇ, ಸ್ವಂತ ಬುದ್ಧಿಯನ್ನು ಬೆರೆಸದೆ, ತಾರೀಖಿನ ಕ್ರಮದಲ್ಲಿ ಜೋಡಿಸಿ ನೋಡಬಹುದು.