ಮರದ ಮೇಲೆ ಹೊಡೆದ ನಂಬರು

ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಆಫೀಸಿನ ಕಂಪ್ಯೂಟರ್ ಮುಂದೆ ಕೂತವರಿಗೆಲ್ಲ ಪಿನ್‌ಬಾಲ್ ಗೊತ್ತು. ‘ಸ್ಪೇಸ್ ಕೆಡೆಟ್’ ಎಂಬ ಆಟ ಅದರಲ್ಲಿ ಪುಕ್ಕಟೆಯಾಗಿ ಬರುತ್ತಿತ್ತು. ಊಟದ ಡಬ್ಬಿ ಮುಚ್ಚಿ ಒಂದು ಕೈ ನೋಡೋಣ ಎಂದು ಶುರು ಮಾಡಿದವರು ಸಾಹೇಬರ ಬೂಟಿನ ಸಪ್ಪಳ ಕೇಳಿದ ಮೇಲೆಯೇ ನಿಲ್ಲಿಸುತ್ತಿದ್ದದ್ದು. ಆದರೆ ಆ ಆಟದ ಹಿಂದಿರುವ ನಿಜವಾದ ಯಂತ್ರವನ್ನು ನಮ್ಮಲ್ಲಿ ಮುಟ್ಟಿ ನೋಡಿದವರು ಕಡಿಮೆ. ನಾಲ್ಕು ಕಾಲಿನ ಮೇಲೆ ನಿಂತ ಇಳಿಜಾರು ಪೆಟ್ಟಿಗೆ, ಮೇಲೊಂದು ಗಾಜು, ಒಳಗೆ ಸುಮಾರು 80 ಗ್ರಾಂ ತೂಕದ ಉಕ್ಕಿನ ಚೆಂಡು. ಸ್ಪ್ರಿಂಗ್ ಎಳೆದು ಬಿಟ್ಟರೆ ಚೆಂಡು ಮೇಲಕ್ಕೆ ಚಿಮ್ಮಿ, ಅಲ್ಲಿಲ್ಲಿ ಬಡಿದು ಅಂಕ ಕೂಡಿಸುತ್ತ ಕೆಳಗೆ ಜಾರುತ್ತದೆ. ಪಕ್ಕದ ಬಟನ್ ಒತ್ತಿದರೆ ‘ಫ್ಲಿಪ್ಪರ್’ ಎಂಬ ಪುಟ್ಟ ಬಡಿಗೆ ಅದನ್ನು ಮತ್ತೆ ಮೇಲಕ್ಕೆ ಹೊಡೆಯುತ್ತದೆ. ಹಿಂದುಗಡೆ ನೆಟ್ಟಗೆ ನಿಂತ ತಲೆಪೆಟ್ಟಿಗೆ. ಅದರ ಗಾಜಿನ ಮೇಲೆ ಬಣ್ಣಬಣ್ಣದ ಚಿತ್ರ, ನಡುವೆ ಅಂಕಗಳು.

ಹೋದ ತಿಂಗಳು ಈ ಅಂಕಣದಲ್ಲಿ ಹಳೆಯ ಹೊಲಿಗೆ ಯಂತ್ರಗಳ ಬಗ್ಗೆ ಬರೆದಿದ್ದೆ. ಅದನ್ನು ಓದಿದ ಚೆನ್ನೈನ ಓದುಗರೊಬ್ಬರು ಕೇಳಿದರು: ‘ಯಂತ್ರದ ಮೇಲಿನ ನಂಬರು ನೋಡಿ ಅದು ಹುಟ್ಟಿದ್ದು ಯಾವಾಗ, ಅಂಥವು ಎಷ್ಟು ಹುಟ್ಟಿದವು ಎಂದು ಹೇಳಲು ಬರುತ್ತದೆಯೇ?’ ಬರುತ್ತದೆ, ಆದರೆ ನಂಬರಿನ ಮಾತನ್ನು ಕೇಳುವುದಕ್ಕೊಂದು ಕ್ರಮವಿದೆ. ಅದನ್ನು ಹೇಳಲು ನನಗೆ ಗೊತ್ತಿರುವ ಉದಾಹರಣೆಗಳಲ್ಲಿ ಪಿನ್‌ಬಾಲ್‌ಗಿಂತ ಒಳ್ಳೆಯದು ಇಲ್ಲ.

ಮೊದಲು ನಂಬರು ಎಂದರೇನು ಎಂಬುದು. ನಾನು ಪಿಂಪ್ರಿಯ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ 26 ವರ್ಷ ಇದ್ದವನು. ನಂಬರ್ ಪಂಚಿನ ಡಬ್ಬಿ ನನ್ನ ಮೇಜಿನ ಡ್ರಾಯರಿನಲ್ಲೇ ಇರುತ್ತಿತ್ತು. ಇತಿಹಾಸ ಬರೆಯಬೇಕೆಂದು ಯಾವ ಕಾರ್ಖಾನೆಯೂ ನಂಬರು ಹೊಡೆಯುವುದಿಲ್ಲ. ಸ್ಟೋರ್ಸಿನ ಲೆಕ್ಕ ತಾಳೆಯಾಗಬೇಕು, ಗೇಟ್‌ಪಾಸಿನಲ್ಲಿ ಬರೆಯಲು ಏನಾದರೂ ಬೇಕು, ಗಿರಾಕಿ ದೂರು ತಂದರೆ ಯಾವ ಬ್ಯಾಚಿನದು ಎಂದು ತಿಳಿಯಬೇಕು, ಅಷ್ಟೇ. ಹೊಸ ಮಾಡೆಲ್ 1ರಿಂದ ಶುರುವಾಗಬೇಕೆಂಬ ನೇಮವೇನೂ ಇಲ್ಲ. 1001ರಿಂದ ಶುರುವಾದದ್ದನ್ನು, ಹಿಂದಿನ ಮಾಡೆಲ್ ನಿಲ್ಲಿಸಿದ ಕಡೆಯಿಂದಲೇ ಮುಂದುವರಿದದ್ದನ್ನು ಎರಡನ್ನೂ ನೋಡಿದ್ದೇನೆ. ನಂಬರು ಹೊಡೆದ ಮೇಲೆ ರಿಜೆಕ್ಟ್ ಆದ ಪೆಟ್ಟಿಗೆಯ ನಂಬರು ಸತ್ತಂತೆಯೇ. ಹಾಗಾಗಿ 5,000 ಎಂಬ ನಂಬರು ಕಂಡ ಕೂಡಲೇ ಐದು ಸಾವಿರ ತಯಾರಾಗಿದ್ದವು ಎನ್ನುವಂತಿಲ್ಲ.

ಪಿನ್‌ಬಾಲಿನ ತವರು ಶಿಕಾಗೊ. 1931ರಲ್ಲಿ ಡೇವಿಡ್ ಗಾಟ್ಲೀಬ್ ಅವರ ಕಂಪನಿ ‘ಬ್ಯಾಫಲ್ ಬಾಲ್’ ಎಂಬ ಮೇಜಿನ ಮೇಲಿಡುವ ಚಿಕ್ಕ ಆಟ ಹೊರತಂದಿತು. 50 ಸಾವಿರಕ್ಕೂ ಹೆಚ್ಚು ಮಾರಾಟವಾಯಿತು. ಆಗ ಫ್ಲಿಪ್ಪರ್ ಇರಲಿಲ್ಲ. ಚೆಂಡು ಬಿಟ್ಟ ಮೇಲೆ ದೇವರೇ ಗತಿ. 1947ರಲ್ಲಿ ಇದೇ ಗಾಟ್ಲೀಬ್ ಕಂಪನಿಯ ಹ್ಯಾರಿ ಮ್ಯಾಬ್ಸ್ ‘ಹಂಪ್ಟಿ ಡಂಪ್ಟಿ’ಯಲ್ಲಿ ಆರು ಫ್ಲಿಪ್ಪರ್ ಇಟ್ಟರು. ಆಟ ಅದೃಷ್ಟದಿಂದ ಕೈಚಳಕದ ಕಡೆಗೆ ಹೊರಳಿದ್ದು ಅಲ್ಲಿಂದ.

ಅಷ್ಟರಲ್ಲಿ ಕಾನೂನು ಬೆನ್ನು ಹತ್ತಿಯಾಗಿತ್ತು. 1942ರಲ್ಲಿ ನ್ಯೂಯಾರ್ಕಿನ ಮೇಯರ್ ಲಾಗಾರ್ಡಿಯಾ ಇದು ಜೂಜು ಎಂದು ನಿಷೇಧಿಸಿ, ಪೊಲೀಸರಿಂದ ಯಂತ್ರಗಳನ್ನು ಹಿಡಿಸಿ, ತಾವೇ ಸುತ್ತಿಗೆ ಎತ್ತಿ ಒಡೆದು ಫೋಟೊ ತೆಗೆಸಿಕೊಂಡರು. ಆ ನಿಷೇಧ ತೆರವಾದದ್ದು 1976ರಲ್ಲಿ. ರೋಜರ್ ಶಾರ್ಪ್ ಎಂಬ ಪತ್ರಕರ್ತ ನಗರಸಭೆಯವರ ಮುಂದೆ ಯಂತ್ರವಿಟ್ಟು, ಚೆಂಡು ಇಂಥ ದಾರಿಯಲ್ಲೇ ಹೋಗುತ್ತದೆ ಎಂದು ಮೊದಲೇ ಹೇಳಿ, ಹಾಗೆಯೇ ಹೊಡೆದು ತೋರಿಸಿದ ಮೇಲೆ. ತಮಾಷೆಯೆಂದರೆ, ಯಂತ್ರಗಳು ತಯಾರಾಗುತ್ತಿದ್ದ ಶಿಕಾಗೊದಲ್ಲೂ 70ರ ದಶಕದವರೆಗೆ ನಿಷೇಧವಿತ್ತು. ಮಾಡಬಹುದು, ಆಡುವಂತಿಲ್ಲ.

ಒಂದೇ ಆಟಕ್ಕೆ ಹಲವು ಅವತಾರ ಬಂದದ್ದು ಈ ಕಾನೂನುಗಳ ಕಾಟದಿಂದ. ಇಷ್ಟು ಅಂಕ ಗಳಿಸಿದರೆ ಇನ್ನೊಂದು ಆಟ ಉಚಿತ ಎನ್ನುವುದು ಮಾಮೂಲು ಬಹುಮಾನ. ಕೆಲವು ರಾಜ್ಯಗಳು ಆ ಉಚಿತ ಆಟಕ್ಕೂ ಬೆಲೆಯಿದೆ, ಆದ್ದರಿಂದ ಅದು ಜೂಜೇ ಎಂದವು. ವಿಸ್ಕಾನ್ಸಿನ್ ಹಾಗೆಂದಿತು, ದೂರದ ಇಟಲಿಯೂ ಒಪ್ಪಲಿಲ್ಲ. ಗಾಟ್ಲೀಬ್ ಕಂಪನಿ ಅದಕ್ಕೊಂದು ಉಪಾಯ ಹೂಡಿತು. 1960ರ ‘ಫ್ಲಿಪ್ಪರ್’ ಎಂಬ ಯಂತ್ರದಲ್ಲಿ ಗೆದ್ದವನಿಗೆ ಹೊಸ ಆಟದ ಬದಲು ಅದೇ ಆಟದಲ್ಲಿ ಇನ್ನೊಂದು ಚೆಂಡು. ಹಾಕಿದ ಕಾಸಿಗೆ ಆಟ ಕೊಂಚ ಉದ್ದವಾಯಿತೇ ಹೊರತು ಬಹುಮಾನವೇನೂ ಸಿಗಲಿಲ್ಲ, ಎಂಬುದು ವಾದ. ಕಾನೂನೂ ಒಪ್ಪಿತು, ಆಡುವವರೂ ಒಪ್ಪಿದರು. ಇದಕ್ಕೆ ‘ಆ್ಯಡ್-ಎ-ಬಾಲ್’ ಎಂದು ಹೆಸರು.

ಅಲ್ಲಿಂದ ಮುಂದೆ ಗಾಟ್ಲೀಬಿನ ಆಟಗಳಿಗೆ ಅವಳಿ ಜವಳಿ ಹುಟ್ಟತೊಡಗಿದವು. 1965ರ ‘ಬಕರೂ’ ಉಚಿತ ಆಟ ಕೊಡುವಂಥದ್ದು. ‘ಟಾಮಿ’ ಸಿನಿಮಾ ನೋಡಿದವರು ಎಲ್ಟನ್ ಜಾನ್ ಅದನ್ನು ಆಡುವುದನ್ನು ನೋಡಿರುತ್ತೀರಿ. ಅದರ ಚೆಂಡು ಕೊಡುವ ತಮ್ಮ ‘ಕೌ ಪೋಕ್’. ಅಣ್ಣ 2,600, ತಮ್ಮ ಕೆಲವೇ ನೂರು. 1975ರ ‘ಎಲ್ ಡೊರಾಡೊ’ದ್ದಂತೂ ದೊಡ್ಡ ಸಂಸಾರ. ಎಡ್ ಕ್ರಿನ್‌ಸ್ಕಿ ಹಾಕಿದ ಒಂದೇ ವಿನ್ಯಾಸ, ಹೊಡೆದಾಗ ಕೆಳಗೆ ಬೀಳುವ ಅದೇ ಗುರಿಗಳ ಸಾಲು. ಒಬ್ಬರು ಆಡುವ ಮೂಲ ಆಟ ಎಲ್ ಡೊರಾಡೊ, 2,875 ಯಂತ್ರ. ಚೆಂಡು ಕೊಡುವ ರೂಪ ‘ಗೋಲ್ಡ್ ಸ್ಟ್ರೈಕ್’. ಇಟಲಿಗೆ ‘ಲಕ್ಕಿ ಸ್ಟ್ರೈಕ್’. ನಾಲ್ವರು ಆಡುವ ‘ಟಾರ್ಗೆಟ್ ಆಲ್ಫಾ’ 1976ರದ್ದು, 7,285 ಯಂತ್ರ. ಅದರಲ್ಲಿ ಚಿನ್ನದ ಗಣಿ ಹೋಗಿ ಬಾಹ್ಯಾಕಾಶ ಬಂತು. ಇಬ್ಬರದು ‘ಸೋಲಾರ್ ಸಿಟಿ’, 1977. ಜೊತೆಗೆ ತಂಪುಪಾನೀಯದ ಹೆಸರಿನ ‘ಕೆನಡಾ ಡ್ರೈ’ ಬೇರೆ. ಒಂದೇ ಹಿಟ್ಟಿನಲ್ಲಿ ಆರು ಬಗೆಯ ರೊಟ್ಟಿ! ಹೆಸರು, ಚಿತ್ರ, ಒಳಗಿನ ತಂತಿಜಾಲ ಬೇರೆ. ಚೆಂಡು ಓಡುವ ದಾರಿ ಒಂದೇ.

ಇನ್ನೊಂದು ಬಗೆಯ ಭೇದ ತಂತ್ರಜ್ಞಾನದಿಂದ ಬಂತು. 70ರ ದಶಕದ ಕೊನೆಗೆ ರಿಲೇ, ಕಾಯಿಲ್, ತಿರುಗುವ ಅಂಕಚಕ್ರಗಳ ಜಾಗಕ್ಕೆ ಎಲೆಕ್ಟ್ರಾನಿಕ್ ಬೋರ್ಡು ಬಂದಿತು. ಹೊಸದನ್ನು ರಿಪೇರಿ ಮಾಡಲು ಬಾರದ ಅಂಗಡಿಯವರಿಗಾಗಿ ಗಾಟ್ಲೀಬ್ ಕೆಲವು ಆಟಗಳನ್ನು ಎರಡೂ ರೀತಿಯಲ್ಲಿ ತಯಾರಿಸಿತು. 1978ರ ‘ಜೋಕರ್ ಪೋಕರ್’ ಎಲೆಕ್ಟ್ರಾನಿಕ್ ರೂಪದಲ್ಲಿ 9,280, ಹಳೆಯ ರಿಲೇ ರೂಪದಲ್ಲಿ 820. ಹಳೆಯದು ಬೇಡವೆಂದು ಕೈಬಿಟ್ಟದ್ದೇ ಈಗ ಅಪರೂಪದ ವಸ್ತು.

ಇಷ್ಟೊಂದು ಅಂಕಿಗಳು ನಮಗೆ ಸಿಕ್ಕಿರುವುದು ಕಂಪನಿಗಳ ತಯಾರಿಕೆಯ ಪಟ್ಟಿಗಳು ಹೇಗೋ ಉಳಿದುಕೊಂಡದ್ದರಿಂದ. ಎಲ್ಲ ಕಡೆ ಹಾಗಾಗಿಲ್ಲ. ಶಿಕಾಗೊ ಕಾಯಿನ್ ಕಂಪನಿಯ ಹಲವು ಆಟಗಳಿಗೆ ಇಷ್ಟು ತಯಾರಾದವು ಎಂಬ ಕಾಗದವೇ ಇಲ್ಲ. ಗಾಟ್ಲೀಬ್ ಹೆಸರು ಕೈಯಿಂದ ಕೈಗೆ ದಾಟಿ 1996ರಲ್ಲಿ ನಿಂತಿತು. ವಿಲಿಯಮ್ಸ್ 1999ರಲ್ಲಿ ಪಿನ್‌ಬಾಲ್ ವಿಭಾಗ ಮುಚ್ಚಿತು. ಕಾಗದ ಇಲ್ಲದ ಕಡೆ ಉಳಿಯುವುದು ಯಂತ್ರದ ಮೈಮೇಲಿನ ನಂಬರು ಮಾತ್ರ. ಹಾಗಾಗಿ ಊರೂರಿನ ಯಂತ್ರದ ಒಡೆಯರು ತಂತಮ್ಮ ಪೆಟ್ಟಿಗೆಯ ನಂಬರನ್ನು ಬರೆದು ಒಂದೆಡೆ ಕೂಡಿಸುತ್ತ ಬಂದಿದ್ದಾರೆ. ಇದಕ್ಕೆ ಸಂಬಳವಿಲ್ಲ, ಪದವಿಯಿಲ್ಲ. ನನಗೆ ಈ ಕೆಲಸದ ಮೇಲೆ ಬಹಳ ಗೌರವ.

ಹತ್ತಾರು ನಂಬರುಗಳಿಂದ ಒಟ್ಟು ಎಷ್ಟು ಎಂದು ಅಂದಾಜು ಮಾಡುವ ವಿದ್ಯೆ ಯುದ್ಧದಿಂದ ಬಂದದ್ದು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ ತಿಂಗಳಿಗೆ ಎಷ್ಟು ಟ್ಯಾಂಕ್ ಮಾಡುತ್ತಿದೆ ಎಂದು ಮಿತ್ರರಾಷ್ಟ್ರಗಳಿಗೆ ತಿಳಿಯಬೇಕಿತ್ತು. ಗೂಢಚಾರರು 1940ರ ಜೂನ್‌ಗೆ 1,000 ಎಂದರು. ಸಿಕ್ಕ ಟ್ಯಾಂಕುಗಳ ನಂಬರು ಹಿಡಿದು ಕೂತ ಸಂಖ್ಯಾಶಾಸ್ತ್ರಜ್ಞರು 169 ಎಂದರು. ಯುದ್ಧ ಮುಗಿದ ಮೇಲೆ ಜರ್ಮನರ ದಾಖಲೆಯಲ್ಲಿ ಸಿಕ್ಕಿದ್ದು 122. 1942ರ ಆಗಸ್ಟಿಗೆ ಗೂಢಚಾರರ ಲೆಕ್ಕ 1,550, ನಂಬರಿನ ಲೆಕ್ಕ 327, ನಿಜ 342. ಸೂತ್ರ ಕಷ್ಟದ್ದಲ್ಲ. ಕಂಡವುಗಳಲ್ಲಿ ಅತಿ ದೊಡ್ಡ ನಂಬರಿಗೆ, ಅದನ್ನೇ ಕಂಡ ಯಂತ್ರಗಳ ಸಂಖ್ಯೆಯಿಂದ ಭಾಗಿಸಿ ಬಂದದ್ದನ್ನು ಕೂಡಿಸಿ, ಒಂದು ಕಳೆಯಿರಿ. ನಾಲ್ಕು ಯಂತ್ರ ಕಂಡಿದ್ದೀರಿ, ದೊಡ್ಡ ನಂಬರು 60 ಎಂದಾದರೆ 60ಕ್ಕೆ 15 ಸೇರಿಸಿ 1 ಕಳೆದರೆ 74. ಅಷ್ಟು ತಯಾರಾಗಿರಬಹುದು.

ಪಿನ್‌ಬಾಲಿಗೆ ಇದನ್ನು ಹಾಗೆಯೇ ಹಚ್ಚಿದರೆ ಎಡವುತ್ತೇವೆ. ಈ ಲೆಕ್ಕ ನಂಬರು 1ರಿಂದ ಶುರುವಾಗಿದೆ, ನಡುವೆ ಖಾಲಿ ಇಲ್ಲ ಎಂದು ನಂಬಿ ಮಾಡಿದ್ದು. ಆಗಲೇ ಹೇಳಿದೆನಲ್ಲ, ಕಾರ್ಖಾನೆ ಹಾಗೆ ನಡೆಯುವುದಿಲ್ಲ. ಅದಕ್ಕೇ ಬಲ್ಲವರು ಮೊದಲು ಅತಿ ಚಿಕ್ಕ ನಂಬರನ್ನು ಹುಡುಕುತ್ತಾರೆ. ಅದೇ ನಂಬರು ಬೇರೆ ಹೆಸರಿನ ಆಟದಲ್ಲಿ ಕಂಡಿದೆಯೇ ನೋಡುತ್ತಾರೆ. ಆಮೇಲೆ ಬಿಡಿಭಾಗಗಳಿಗೆ ಇಳಿಯುತ್ತಾರೆ. ಆಟದ ಹಲಗೆ ಎತ್ತಿದರೆ ಅಡಿಯಲ್ಲಿ ಶಾಯಿಯ ಮೊಹರು ಸಿಗಬಹುದು, ಕೆಲವೊಮ್ಮೆ ತಾರೀಖೂ ಇರುತ್ತದೆ. ಎಲೆಕ್ಟ್ರಾನಿಕ್ ಯಂತ್ರವಾದರೆ ಚಿಪ್ಪಿನ ಬೆನ್ನ ಮೇಲೆ 7842 ಎಂಬಂಥ ನಾಲ್ಕು ಅಂಕಿ: 1978ರ 42ನೆಯ ವಾರ. ಮೂಲದಲ್ಲೇ ಇದ್ದ ಭಾಗಗಳಲ್ಲಿ ಅತಿ ಎಳೆಯದು ಯಾವುದೋ, ಯಂತ್ರ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ನಮ್ಮ ಶಾಪ್‌ಫ್ಲೋರಿನಲ್ಲೂ ಇದೇ ನೇಮವಿತ್ತು: ಯಂತ್ರದ ಕಾರ್ಡು ಏನೇ ಹೇಳಲಿ, ಬೇರಿಂಗಿನ ಮೇಲಿನ ತಾರೀಖನ್ನೂ ಒಮ್ಮೆ ನೋಡು.

ಇಷ್ಟೆಲ್ಲ ಯಾರಿಗೆ ಬೇಕು ಎಂದರೆ, ದುಡ್ಡು ಕೊಡುವವನಿಗೆ ಬೇಕು. ನನ್ನ ತಂಗಿಯ ಮಗ ಶಿಕಾಗೊ ಪಕ್ಕದ ನೇಪರ್‌ವಿಲ್‌ನಲ್ಲಿದ್ದಾನೆ. ಹೋದ ದೀಪಾವಳಿಯ ಹೊತ್ತಿಗೆ ಫೋನ್ ಬಂತು.

‘ಮಾಮಾ, ಗೋಲ್ಡ್ ಸ್ಟ್ರೈಕ್ ಅಂತ ಒಂದು ಮಷೀನು ಸಿಕ್ಕದ. ಭಾಳ ಕಮ್ಮಿ ಮಾಡಿದ್ರಂತ. ತಗೊಳ್ಳಲೇನು?’

‘ಎಷ್ಟು ಕೇಳ್ಯಾನ?’

ಹೇಳಿದ. ಎಲ್ ಡೊರಾಡೊಗೆ ಕೊಡುವುದಕ್ಕಿಂತ ಬಹಳ ಜಾಸ್ತಿ.

‘ದುಡ್ಡು ಕೊಡಬ್ಯಾಡ. ಮೊದಲ ಫೋಟೊ ಕಳಸು. ತಲಿಪೆಟಗಿ ನಂಬರು, ಕೆಳಗಿನ ಪೆಟಗಿ ನಂಬರು, ಒಳಗ ವೈರಿಂಗಿನ ಹಾಳಿ ಇದ್ರ ಅದೂ. ಮತ್ತ ಒಂದು ಆಟ ಆಡಿ ಗೆದ್ದು ನೋಡು.’

‘ಗೆಲ್ಲೂದು ಯಾಕ್ರಿ?’

‘ಗೆದ್ದಾಗ ಏನು ಕೊಡತದ ಅಂತ ನೋಡಾಕ.’

ಫೋಟೊ ಬಂದವು. ಎರಡೂ ಪೆಟ್ಟಿಗೆಯ ನಂಬರು ಒಂದೇ ಇತ್ತು, ಯಂತ್ರದ ಹುಟ್ಟಿನಲ್ಲಿ ಮೋಸವಿಲ್ಲ. ಆದರೆ ಆ ನಂಬರು ಬೇರೆ ಒಡೆಯರು ಎಲ್ ಡೊರಾಡೊ ಎಂದು ಬರೆಸಿದ ನಂಬರುಗಳ ನಡುವೆ ಕೂರುತ್ತಿತ್ತು. ವೈರಿಂಗಿನ ಹಾಳೆಯ ಮೇಲೂ ಎಲ್ ಡೊರಾಡೊ ಎಂದೇ ಅಚ್ಚಾಗಿತ್ತು. ಇವನು ಏಳೆಂಟು ಸಲ ಸೋತು ಕೊನೆಗೊಮ್ಮೆ ಗೆದ್ದ. ಪೆಟ್ಟಿಗೆ ‘ಟಕ್’ ಎಂದು ಸದ್ದು ಮಾಡಿ ಕೊಟ್ಟಿದ್ದು ಉಚಿತ ಆಟ, ಚೆಂಡಲ್ಲ. ಯಾರೋ ಎಂದೋ ಒಡೆದ ಗಾಜಿನ ಜಾಗಕ್ಕೆ ಗೋಲ್ಡ್ ಸ್ಟ್ರೈಕಿನ ಗಾಜು ಕೂರಿಸಿದ್ದರು. ಮಾರುವವನು ಸುಳ್ಳುಗಾರನೇ ಆಗಿರಬೇಕಿಲ್ಲ, ಅವನೂ ಗಾಜು ನೋಡಿಯೇ ಕೊಂಡಿರಬಹುದು. ಹುಡುಗ ಇದನ್ನೆಲ್ಲ ಮುಂದಿಟ್ಟು, ಎಲ್ ಡೊರಾಡೊ ಬೆಲೆಗೆ ತೆಗೆದುಕೊಂಡ.

ತಲೆ, ಮೈ ಎರಡರ ನಂಬರು ತಾಳೆಯಾಗದ ಯಂತ್ರವನ್ನು ಕೆಲವರು ಕಸದಂತೆ ಕಾಣುತ್ತಾರೆ. ಅದು ನನಗೆ ಒಪ್ಪಿಗೆಯಿಲ್ಲ. ಇವು ದುಡಿದ ಯಂತ್ರಗಳು. ಹತ್ತು ಅಂಗಡಿಯಲ್ಲಿ ಹತ್ತು ಯಂತ್ರ ಇಟ್ಟವನು ಶನಿವಾರ ಸಂಜೆ ಒಂದರ ತಲೆ ಕೆಟ್ಟರೆ ಗೋದಾಮಿನಿಂದ ಇನ್ನೊಂದನ್ನು ತಂದು ಕೂರಿಸುತ್ತಿದ್ದ. ಅವನಿಗೆ ಬೇಕಿದ್ದದ್ದು ಭಾನುವಾರದ ಚಿಲ್ಲರೆ. ಹೊಂದಿಕೆಯಾಗದ ಎರಡು ನಂಬರು ಆ ಶನಿವಾರದ ದಾಖಲೆ. ಅದನ್ನು ಮುಚ್ಚಿಟ್ಟು ಮಾರಿದರೆ ತಪ್ಪು. ಅದಕ್ಕಿಂತ ದೊಡ್ಡ ತಪ್ಪು, ಹಳೆಯ ನಂಬರು ಉಜ್ಜಿ ಹೊಸದನ್ನು ಹೊಡೆಯುವುದು. ಮರವನ್ನು ಉಜ್ಜಿದ ಜಾಗ ಸ್ವಲ್ಪ ತಗ್ಗಾಗಿರುತ್ತದೆ; ಟಾರ್ಚನ್ನು ನೇರವಾಗಿ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿದರೆ ಕಾಣುತ್ತದೆ. ಹೊಲಿಗೆ ಯಂತ್ರದ ಕಬ್ಬಿಣಕ್ಕೂ ಇದೇ ಪರೀಕ್ಷೆ, ಚೆನ್ನೈನ ಓದುಗರು ಮಾಡಿ ನೋಡಬಹುದು.

ಈಗಿನ ಕಂಪನಿಗಳು ಈ ತಲೆನೋವು ಉಳಿಸಿಲ್ಲ. 1992ರ ‘ಆ್ಯಡಮ್ಸ್ ಫ್ಯಾಮಿಲಿ’ 20,270 ಯಂತ್ರ ಮಾರಾಟವಾಗಿ, 1977ರ ‘ಏಯ್ಟ್ ಬಾಲ್’ನ 20,230ರ ದಾಖಲೆಯನ್ನು ಬರೀ 40ರಿಂದ ಮುರಿಯಿತು. ಎರಡು ವರ್ಷ ಬಿಟ್ಟು ಅದರದೇ ಬಂಗಾರದ ಬಣ್ಣದ ಆವೃತ್ತಿ ಬಂದಾಗ 1,000 ಮಾತ್ರ ಎಂದು ಮೊದಲೇ ಸಾರಿದರು. ಇವತ್ತು ಸ್ಟರ್ನ್ ಕಂಪನಿಯ ‘ಲಿಮಿಟೆಡ್ ಎಡಿಷನ್’ ಕೊಂಡರೆ ಇಷ್ಟರಲ್ಲಿ ಇಷ್ಟನೆಯದು ಎಂದು ಬರೆದ ಹೊಳೆಯುವ ಫಲಕ ಎದುರಿಗೇ ಇರುತ್ತದೆ. ಸ್ಟೋರ್ಸಿನವನ ಲೆಕ್ಕಕ್ಕೆಂದು ಹೊಡೆಯುತ್ತಿದ್ದ ನಂಬರಿಗೆ ಈಗ ಗಿರಾಕಿ ಬೇರೆ ದುಡ್ಡು ಕೊಡುತ್ತಾನೆ.