ಸನ್ಮಾನಸಭೆಯೋ, ಜ್ಞಾನಸಭೆಯೋ?



ಕನ್ನಡ ವಿಕಿಪೀಡಿಯವೆಂಬ ಮುಕ್ತ ವಿಶ್ವಕೋಶಕ್ಕೆ ಸ್ವಯಂಸೇವೆಯಿಂದ ಬರೆಯುವವರ ಪ್ರಾಂತೀಯ ಸಮ್ಮೇಲನವೊಂದನ್ನು ಕೂಡಿಸಬೇಕೆಂದು ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಕೆಲವು ಉತ್ಸಾಹಿಗಳು ಸಂಕಲ್ಪಿಸಿರುವರು. ಸಂಕಲ್ಪವು ಶ್ಲಾಘ್ಯವೇ ಸರಿ. ಸಿದ್ಧತೆಯ ಸಭೆಗೆ ನನ್ನನ್ನೂ ಕರೆದಿದ್ದರು. ಸಭೆಯು ಎರಡೂವರೆ ಗಂಟೆ ನಡೆಯಿತು. ಅದರಲ್ಲಿ ಎರಡು ಗಂಟೆಗಳು ಅಧ್ಯಕ್ಷರ ಮೆರವಣಿಗೆಯು ಯಾವ ಬೀದಿಯಲ್ಲಿ ಹೋಗತಕ್ಕದ್ದು, ವೇದಿಕೆಯ ಮೇಲೆ ಎಷ್ಟು ಕುರ್ಚಿಗಳು, ಶಾಲು ಯಾರಿಗೆ, ಬರಿಯ ಹಾರ ಯಾರಿಗೆ ಎಂಬ ಚರ್ಚೆಯಲ್ಲಿಯೇ ಕಳೆದವು. ಕಡೆಯ ಸಾಲಿನಲ್ಲಿದ್ದ ಪ್ರೌಢಶಾಲೆಯ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು, “ಸರ್, ಇದರಾಗ ನಾವು ಬರಿಯೋದು ಯಾವಾಗ್ರಿ?” ಎಂದು ಕೇಳಿದಳು. ಸಭೆಯು ನಕ್ಕಿತು. ಸ್ವಾಗತಗೀತೆಯ ಹೊಣೆಯನ್ನು ಆಕೆಗೆ ಹೊರಿಸಿ ಮುಂದಿನ ವಿಷಯಕ್ಕೆ ಹೋದರು. ಪ್ರಶ್ನೆ ಕೇಳಿರೆಂದು ಜೀವಮಾನವೆಲ್ಲ ಮಕ್ಕಳಿಗೆ ಬೋಧಿಸಿದ ನಾನೂ ಆಗ ಸುಮ್ಮನೆ ಕುಳಿತಿದ್ದೆನು. ಆ ಮೌನಕ್ಕೆ ಪ್ರಾಯಶ್ಚಿತ್ತರೂಪವಾಗಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿರುವೆನು.

ವಿಕಿಪೀಡಿಯವು 2001ರಲ್ಲಿ ಇಂಗ್ಲಿಷಿನಲ್ಲಿಯೂ 2003ರಲ್ಲಿ ಕನ್ನಡದಲ್ಲಿಯೂ ಆರಂಭವಾಯಿತು. ಇಂದು ಕನ್ನಡದಲ್ಲಿ 30,000ಕ್ಕೂ ಹೆಚ್ಚು ಲೇಖನಗಳಿವೆ. ನಮ್ಮ ತುಳು ಸೋದರರು 2016ರಲ್ಲಿ ತಮ್ಮ ಭಾಷೆಗೂ ಪ್ರತ್ಯೇಕವಾದ ವಿಕಿಪೀಡಿಯವನ್ನು ಸಾಧಿಸಿಕೊಂಡರು. ಬಹುಮಟ್ಟಿಗೆ ಇದೆಲ್ಲವೂ ಸಂಬಳವಿಲ್ಲದೆ ಬರೆದವರ ಫಲ. ಇಂಥವರ ಅಖಿಲ ಭಾರತ ಸಮ್ಮೇಲನವೊಂದು 2023ರ ಏಪ್ರಿಲ್ 28ರಿಂದ 30ರವರೆಗೆ ಹೈದರಾಬಾದಿನಲ್ಲಿ ಜರುಗಿತು. ನಮ್ಮ ಹಿರಿಯರು ಒಂದು ಕಾಲಕ್ಕೆ ವ್ಯಾಜ್ಯಗಳಿಗಾಗಿ ಅಲೆದ ಆ ರಾಜಧಾನಿಗೆ ಜನರು ಜ್ಞಾನಕ್ಕಾಗಿ ಹೋದರು. ಆದುದರಿಂದ ನಮ್ಮಲ್ಲಿಯೂ ಸಮ್ಮೇಲನವಾಗಲಿ ಎಂಬುದರಲ್ಲಿ ನನಗೆ ವಿವಾದವಿಲ್ಲ. ಎಂಥ ಸಮ್ಮೇಲನ ಎಂಬುದೇ ವಿವಾದ.

ನಮ್ಮ ಸೀಮೆಗೆ ಇದರ ಅಗತ್ಯವು ಇತರರಿಗಿಂತ ಹೆಚ್ಚೆಂಬುದಕ್ಕೆ ಮಸ್ಕಿಯ ಬಂಡೆಯೇ ಸಾಕ್ಷಿ. ದೇವಾನಾಂಪ್ರಿಯನೆಂದು ಹೇಳಿಕೊಂಡು ಶಾಸನಗಳನ್ನು ಬರೆಸಿದ ಅರಸನು ಅಶೋಕನೇ ಎಂದು ವಿದ್ವಾಂಸರು ಸಿಂಹಳದ ಗ್ರಂಥಗಳ ನೆರವಿನಿಂದ ಊಹಿಸಿದ್ದರು. ಆ ಬಿರುದಿನ ಜೊತೆಗೆ ಅಶೋಕನೆಂಬ ಹೆಸರನ್ನೂ ತೋರಿಸಿ ಊಹೆಯನ್ನು ದೃಢಪಡಿಸಿದುದು ಮಸ್ಕಿಯ ಶಾಸನ. 1915ರಲ್ಲಿ ಅದನ್ನು ಕಂಡವನು ಚಿನ್ನದ ಗಣಿಯ ಇಂಜಿನಿಯರನಾದ ಬೀಡನ್ ಎಂಬ ಆಂಗ್ಲನು. ಹೆಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಲೋಕಕ್ಕೆ ತಿಳಿಸಿದರು. ಅದೇ 1915ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಸ್ಥಾಪಿತವಾಯಿತೆಂಬುದನ್ನೂ ಇಲ್ಲಿ ಸ್ಮರಿಸಬೇಕು. ಎರಡು ಸಾವಿರದ ಇನ್ನೂರು ವರ್ಷ ಆ ಬಂಡೆಯ ನೆರಳಿನಲ್ಲಿ ನಾವು ದನ ಕಾಯ್ದೆವು. ಅಕ್ಷರವನ್ನು ಗುರುತಿಸಲು ಚಿನ್ನ ಹುಡುಕುವವನು ಬರಬೇಕಾಯಿತು! ಅಲ್ಲಿಗೇ ನಿಲ್ಲಲಿಲ್ಲ. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ ಆಲ್ಚಿನ್ನರು 1952ರಲ್ಲಿಯೂ ಮಸ್ಕಿಯಲ್ಲಿ ಥಾಪರರು 1954ರಲ್ಲಿಯೂ ಉತ್ಖನನ ಮಾಡಿದರು. ವರದಿಗಳೆರಡೂ ಇಂಗ್ಲಿಷಿನಲ್ಲಿವೆ. ಆ ನೆಲದ ಮಗುವಿಗೆ ತನ್ನ ಹೊಲದ ಕೆಳಗೇನಿದೆಯೆಂಬುದನ್ನು ಕನ್ನಡದಲ್ಲಿ ಹೇಳಬೇಕಾದವರು ಯಾರು?

ಈಗ ಆಕ್ಷೇಪಗಳನ್ನು ನೋಡೋಣ. ಯಾರು ಬೇಕಾದರೂ ತಿದ್ದಬಹುದಾದ ಗ್ರಂಥಕ್ಕೆ ಪ್ರಾಮಾಣ್ಯವೆಲ್ಲಿಯದು ಎಂಬುದು ಪಂಡಿತರ ಪೂರ್ವಪಕ್ಷ. ಪಾಠಶಾಲೆಯಲ್ಲಿ ಓದಿದ ನನಗೂ ಮೊದಲು ಹಾಗೆಯೇ ಅನ್ನಿಸಿತ್ತು. ಆದರೆ ನಮ್ಮ ತಾಳೆಗರಿಗಳ ಗತಿಯೇನು? ಲಿಪಿಕಾರನು ತನಗೆ ತೋರಿದಂತೆ ತಿದ್ದಿದನು. ಯಾವಾಗ ತಿದ್ದಿದನು, ಏಕೆ ತಿದ್ದಿದನು ಎಂಬುದಕ್ಕೆ ಗುರುತಿಲ್ಲ. ಪಾಠಾಂತರಗಳನ್ನು ವಿಂಗಡಿಸುವುದರಲ್ಲಿ ವಿದ್ವಾಂಸರ ಆಯುಷ್ಯಗಳೇ ಸವೆದಿವೆ. ಇಲ್ಲಿಯಾದರೋ ಪ್ರತಿಯೊಂದು ತಿದ್ದುಪಡಿಯೂ ತಿದ್ದಿದವನ ಗುರುತಿನೊಡನೆ, ದಿನ ವೇಳೆಗಳೊಡನೆ ಉಳಿದಿರುತ್ತದೆ. ಹಿಂದಿನ ಪಾಠವೂ ನಾಶವಾಗುವುದಿಲ್ಲ. ತಪ್ಪು ನುಸುಳುವುದು ನಿಜ. ತಿಳಿದವರು ದೂರ ನಿಂತು ಮೂಗು ಮುರಿಯುವುದರಿಂದಲೇ ಅದು ಹಾಗೆಯೇ ಉಳಿಯುವುದೂ ಅಷ್ಟೇ ನಿಜ.

ಇಷ್ಟು ಶ್ರಮವೇಕೆ, ಯಂತ್ರದಿಂದಲೇ ಅನುವಾದ ಮಾಡಿಸಿದರೆ ಒಂದೇ ವಾರದಲ್ಲಿ ಸಾವಿರ ಲೇಖನಗಳಾಗುವವಲ್ಲ ಎಂಬುದು ಎರಡನೆಯ ಆಕ್ಷೇಪ. 2010ರ ಸುಮಾರಿಗೆ ಒಂದು ದೊಡ್ಡ ಪರದೇಶೀ ಕಂಪನಿಯು ಕೂಲಿ ಕೊಟ್ಟು, ಯಂತ್ರದ ನೆರವಿನಿಂದ ಇಂಗ್ಲಿಷ್ ಲೇಖನಗಳನ್ನು ಕನ್ನಡಕ್ಕೂ ನೆರೆಯ ಭಾಷೆಗಳಿಗೂ ತರಿಸಿತು. ಲೇಖನಗಳೇನೋ ಉದ್ದವಾಗಿದ್ದವು, ಆದರೆ ಓದಿದರೆ ಅನ್ವಯವಾಗದ ವಾಕ್ಯಗಳೇ ಎಲ್ಲೆಲ್ಲೂ. ಅವುಗಳನ್ನು ತಿದ್ದುವ ಭಾರವು ಕೂಲಿಯಿಲ್ಲದ ಸ್ವಯಂಸೇವಕರ ತಲೆಗೆ ಬಿತ್ತು. ಇಂದಿನ ಯಂತ್ರಗಳು ಅಂದಿಗಿಂತ ಚತುರವೆಂಬುದನ್ನು ಬಲ್ಲೆನು. ಆದರೂ ಯಂತ್ರವು ಬೇರೆಲ್ಲಿಯೋ ಬರೆದಿರುವುದನ್ನು ತರಬಲ್ಲುದೇ ಹೊರತು, ಯಾರೂ ಬರೆಯದಿರುವ ನಮ್ಮೂರ ಸಂಗತಿಯನ್ನು ಎಲ್ಲಿಂದ ತಂದೀತು?

ಇಲ್ಲಿಯೇ ಮುಖ್ಯವಾದ ತೊಡಕೊಂದಿದೆ. ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಸಿಂಧನೂರಿನ ಜೋಳದ ಹೊಲಗಳು ಬತ್ತದ ಗದ್ದೆಗಳಾದುದನ್ನು ಕಣ್ಣಾರೆ ಕಂಡವರು ಇನ್ನೂ ಕೆಲವರಿರುವರು. ಪೂರ್ವಬಂಗಾಳವನ್ನು ಬಿಟ್ಟು ಬಂದು ಸಿಂಧನೂರಿನ ಬಳಿಯ ಕ್ಯಾಂಪುಗಳಲ್ಲಿ ನೆಲೆನಿಂತವರಲ್ಲಿ ಅಂದಿನ ಮಕ್ಕಳು ಇಂದು ಮುದುಕರು. ಹಟ್ಟಿಯ ಚಿನ್ನದ ಗಣಿಯೊಳಗೆ ಇಳಿದು ದುಡಿದವರ ಅನುಭವವೂ ಅಂಥದೇ. ಆದರೆ ವಿಕಿಪೀಡಿಯವು ಬಾಯಿಮಾತನ್ನು ಆಧಾರವಾಗಿ ಒಪ್ಪುವುದಿಲ್ಲ, ಎಲ್ಲಿಯಾದರೂ ಪ್ರಕಟವಾಗಿರಬೇಕೆನ್ನುವುದು. ಈ ನಿಯಮವು ಅನ್ಯಾಯವೆಂದು ಕೆಲವರು ಕೂಗುವರು. ನಾನು ಹಾಗೆನ್ನೆನು. ಆಧಾರವಿಲ್ಲದುದನ್ನು ಬರೆಯಕೂಡದೆಂಬುದು ಸಾಧುವಾದ ನಿಯಮವೇ. ಅನ್ಯಾಯವಿರುವುದು ನಮ್ಮ ಆಲಸ್ಯದಲ್ಲಿ. ಹಿರಿಯರ ಮಾತುಗಳನ್ನು ಕೇಳಿ ಬರೆದು, ಪರಿಶೀಲಿಸಿ, ಇಂಥ ಮಾಸಪತ್ರಿಕೆಗಳಲ್ಲಿಯೇ ಮೊದಲು ಅಚ್ಚುಮಾಡಿದರೆ ವಿಶ್ವಕೋಶಕ್ಕೆ ಆಧಾರವಾದರೂ ದೊರೆಯುವುದು. ಅಚ್ಚಾಗುವುದಕ್ಕೆ ಮುಂಚೆ ಹಿರಿಯರು ತೀರಿಕೊಂಡರೆ ಯಾವ ಸಮ್ಮೇಲನವೂ ಅವರನ್ನು ಕರೆತರಲಾರದು.

ಮೆರವಣಿಗೆಯಿಲ್ಲದಿದ್ದರೆ ಜನರು ಕೂಡುವುದಿಲ್ಲ ಎನ್ನುವರು ಮೂರನೆಯವರು. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿ ಸಾಹಿತ್ಯ ಸಮ್ಮೇಲನವಾಯಿತು. ಆಗ ಇದು ನಿಜಾಮರ ರಾಜ್ಯ. ಸರಕಾರದ ವ್ಯವಹಾರವೆಲ್ಲ ಉರ್ದುವಿನಲ್ಲಿ. ಅಂದು ಕನ್ನಡಿಗರು ಒಂದೆಡೆ ಕೂಡಿದುದೇ ಒಂದು ಕಾರ್ಯ, ಒಂದು ಧೈರ್ಯ. 2016ರಲ್ಲಿ ಬರಗೂರು ರಾಮಚಂದ್ರಪ್ಪನವರ ಅಧ್ಯಕ್ಷತೆಯಲ್ಲಿ ಅಲ್ಲಿಯೇ ಮತ್ತೆ ಸಮ್ಮೇಲನವಾದಾಗ ಕನ್ನಡವು ರಾಜ್ಯಭಾಷೆಯಾಗಿತ್ತು. ಇಂದು ಬರಿದೆ ಕೂಡುವುದರಲ್ಲಿ ಧೈರ್ಯವೇನೂ ಬೇಕಿಲ್ಲ. ಕೂಡಿ ಏನು ಮಾಡಿದೆವೆಂಬುದೇ ಪ್ರಶ್ನೆ.

ಆದುದರಿಂದ ಸಮ್ಮೇಲನದ ಸಂಚಾಲಕರಲ್ಲಿ ನನ್ನ ಬೇಡಿಕೆಗಳಿಷ್ಟು. ಒಂದು ಲೇಖನವನ್ನಾದರೂ ಬರೆಯದವರು ಅಥವಾ ತಿದ್ದದವರು ವೇದಿಕೆಯೇರಕೂಡದು. ಮೊದಲ ದಿನದ ಬೆಳಗ್ಗೆ ಎಲ್ಲರೂ ಮಸ್ಕಿಯ ಶಾಸನದ ಬಳಿಗೆ ಹೋಗಿ ನೋಡಿ, ಛಾಯಾಚಿತ್ರ ತೆಗೆದು, ಮಧ್ಯಾಹ್ನ ಕುಳಿತು ಬರೆಯಬೇಕು. ಎರಡನೆಯ ದಿನ ಮುದ್ಗಲ್ಲಿನ ಕೋಟೆ, ಕಾಲುವೆ, ಕ್ಯಾಂಪುಗಳಿಗೆ ತಂಡತಂಡವಾಗಿ ತೆರಳಬೇಕು. ಶಾಲುಗಳ ಹಣದಿಂದ ಹಿರಿಯರ ಅನುಭವಗಳ ಒಂದು ಪುಸ್ತಕವನ್ನು ಅಚ್ಚುಹಾಕಿಸಬೇಕು. ಖರ್ಚಿನ ಲೆಕ್ಕವನ್ನೂ ಬರೆದ ಲೇಖನಗಳ ಪಟ್ಟಿಯನ್ನೂ ಒಂದು ತಿಂಗಳೊಳಗೆ ಪ್ರಕಟಿಸಬೇಕು. ಇವುಗಳಿಗೆ ಒಪ್ಪಿದರೆ ಕಸ ಗುಡಿಸುವ ಕೆಲಸಕ್ಕಾದರೂ ನಾನು ಸಿದ್ಧನು. ಒಪ್ಪದಿದ್ದರೆ ನನ್ನ ಹೆಸರನ್ನು ಸ್ವಾಗತಸಮಿತಿಯಿಂದ ತೆಗೆದುಹಾಕಿರೆಂದು ಈ ಮೂಲಕ ಬಿನ್ನವಿಸುವೆನು.

ವಾಚಕರಲ್ಲಿಯೂ ಒಂದು ಮಾತು. ನಿಮ್ಮ ಮನೆಯ ಹಿರಿಯರನ್ನು ಈ ವಾರವೇ ಕೂರಿಸಿಕೊಂಡು ಕೇಳಿ, ಬರೆದು, ಈ ಪತ್ರಿಕೆಗೆ ಕಳುಹಿಸಿರಿ. ಆ ಹುಡುಗಿಯು ಕೇಳಿದ ಪ್ರಶ್ನೆಗೆ ಸಭೆಯು ಉತ್ತರ ಕೊಡಲಿಲ್ಲ. ಉತ್ತರವಾದರೋ ಸುಲಭ: ಈಗಲೇ, ಮಗಳೆ, ಮೊದಲು ನೀನೇ ಬರೆ, ಸ್ವಾಗತಗೀತೆಯನ್ನು ನಾವು ಮುದುಕರು ಹಾಡುವೆವು.