ಮಿರ್ಜಾನ್ ಕೋಟೆಯ ಗೋಡೆಗಳ ರಕ್ಷಣೆ ಮತ್ತು ವೀಕ್ಷಣಾ ವ್ಯವಸ್ಥೆ ಕುರಿತ ಮನವಿ ಪತ್ರ

ಗೆ,
ಅಧೀಕ್ಷಕ ಪುರಾತತ್ತ್ವಜ್ಞರು,
ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ, ಧಾರವಾಡ.

ವಿಷಯ: ಕುಮಟಾ ತಾಲ್ಲೂಕಿನ ಮಿರ್ಜಾನ್ ಕೋಟೆಯ ಗೋಡೆಗಳು ಉಳಿಯುವಂತೆ ಪ್ರವಾಸಿಗರ ವೀಕ್ಷಣೆಯನ್ನು ಕ್ರಮಬದ್ಧಗೊಳಿಸುವ ಬಗ್ಗೆ.

ಮಾನ್ಯರೆ,

ಅಘನಾಶಿನಿ ನದಿಯ ಮಗ್ಗುಲಿನ ಮಿರ್ಜಾನ್, ಘಟ್ಟದ ಕಾಳುಮೆಣಸು ಹಡಗು ಸೇರುತ್ತಿದ್ದ ಹಳೆಯ ಬಂದರು ಪಟ್ಟಣವಾಗಿದ್ದು, ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಇಲ್ಲಿಯ ಕೋಟೆ ಬೆಸೆದುಕೊಂಡಿದೆ. ಎರಡು ಸುತ್ತಿನ ಗೋಡೆ, ಕಂದಕ, ಬಾವಿಗಳು ಹಾಗೂ ಗೋಡೆಯಿಂದ ಹೊರಚಾಚಿದ ದುಂಡನೆಯ ಕಾವಲು ಕಟ್ಟುಗಳಾದ ಕೊತ್ತಳಗಳು ಇಂದಿಗೂ ಉಳಿದಿದ್ದು, ಇಲಾಖೆ ನಡೆಸಿದ ಉತ್ಖನನದಲ್ಲಿ ದೊರೆತ ಚೀನೀ ಪಿಂಗಾಣಿಯ ಚೂರುಗಳು ಈ ಬಂದರಿಗಿದ್ದ ದೂರದ ಸಂಪರ್ಕವನ್ನು ತೋರಿಸುತ್ತವೆ.

ಗೋಡೆಗಳನ್ನು ಕಟ್ಟಿರುವುದು ಚಿರೆಕಲ್ಲಿನಿಂದ. ಕಬ್ಬಿಣದ ಅಂಶವುಳ್ಳ ಈ ರಂಧ್ರಮಯ ಕಲ್ಲು ನೆಲದಿಂದ ಕಡಿಯುವಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಆದರೆ ವರ್ಷಕ್ಕೆ 3,000 ಮಿ.ಮೀ.ಗೂ ಮೀರಿ ಮಳೆ ಸುರಿಯುವ ಈ ಕರಾವಳಿಯಲ್ಲಿ ಗೋಡೆಯ ನೆತ್ತಿಯಿಂದ ಒಳಗಿಳಿಯುವ ನೀರು ಗಾರೆಯನ್ನು ಸಡಿಲಿಸುತ್ತದೆ. ಸಂದಿನಲ್ಲಿ ಬೇರೂರುವ ಅರಳಿ, ಆಲದ ಸಸಿಗಳು ಕಲ್ಲನ್ನು ಸೀಳುತ್ತವೆ. ಮಳೆಗಾಲದ ಹಸಿರು ನೋಡಬಂದವರು ಗೋಡೆಯ ನೆನೆದ ಅಂಚನ್ನು ಏರಿ ನಡೆದಾಗ ಗೋಡೆಗೂ ನಡೆಯುವವರಿಗೂ ಸಮಾನ ಅಪಾಯ ಒದಗುತ್ತದೆ. ಆದ್ದರಿಂದ ವೀಕ್ಷಣೆಯ ವ್ಯವಸ್ಥೆ ಮತ್ತು ಸಂರಕ್ಷಣೆ ಒಂದೇ ಕೆಲಸದ ಎರಡು ಭಾಗಗಳೆಂದು ಪರಿಗಣಿಸಿ, ಈ ಕೆಳಗಿನ ಬೇಡಿಕೆಗಳನ್ನು ಈಡೇರಿಸಬೇಕೆಂದು ಸ್ಥಳೀಯ ನಾಗರಿಕರು ಕೋರುತ್ತಾರೆ.

1. ಪ್ರತಿವರ್ಷ ಮಳೆಗಾಲಕ್ಕೆ ಮುನ್ನ ಗೋಡೆಗಳ ತಪಾಸಣೆ ನಡೆಸಿ, ಸಸಿಗಳನ್ನು ಬೇರುಸಹಿತ ತೆಗೆದು, ನೆತ್ತಿಯ ನೀರು ಹರಿದುಹೋಗುವ ದಾರಿಗಳನ್ನು ತೆರವುಗೊಳಿಸಬೇಕು.

2. ದುರಸ್ತಿಗೆ ಚಿರೆಕಲ್ಲು ಮತ್ತು ಸುಣ್ಣದ ಗಾರೆಯನ್ನೇ ಬಳಸಬೇಕು. ಸಿಮೆಂಟ್ ತೇವವನ್ನು ಒಳಗೇ ಹಿಡಿದಿಡುವುದರಿಂದ ಅದನ್ನು ಕೈಬಿಡಬೇಕು.

3. ನಡೆಯುವ ಹಾದಿಯನ್ನು ಗುರುತಿಸಿ, ಶಿಥಿಲ ಅಂಚುಗಳಿಗೆ ತಡೆ, ಬಾವಿಗಳಿಗೆ ಭದ್ರ ಜಾಲರಿ ಅಳವಡಿಸಬೇಕು. ಭಾರೀ ಮಳೆಯ ದಿನಗಳಲ್ಲಿ ಗೋಡೆ ಏರುವುದನ್ನು ನಿರ್ಬಂಧಿಸಬೇಕು.

4. ಪ್ರತಿ ಭಾಗದ ಇತಿಹಾಸ ಮತ್ತು ಬಳಕೆಯನ್ನು ವಿವರಿಸುವ ಫಲಕಗಳನ್ನು ಕನ್ನಡದಲ್ಲಿ ನಿಲ್ಲಿಸಿ, ಊರಿನ ಯುವಕ ಯುವತಿಯರಿಗೆ ಮಾರ್ಗದರ್ಶಕರ ತರಬೇತಿ ನೀಡಬೇಕು.

5. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಸಂರಕ್ಷಿತ ಎಲ್ಲೆಯಿಂದ 100 ಮೀಟರ್‌ವರೆಗಿನ ನಿಷೇಧಿತ ಹಾಗೂ ಅದರಾಚೆ 200 ಮೀಟರ್‌ವರೆಗಿನ ನಿಯಂತ್ರಿತ ಪ್ರದೇಶವನ್ನು ಸ್ಥಳದಲ್ಲೇ ಗುರುತಿಸಿ, ಊರವರಿಗೆ ತಿಳಿಯಪಡಿಸಬೇಕು.

ಕುಸಿದ ಗೋಡೆಯನ್ನು ಮತ್ತೆ ಕಟ್ಟಬಹುದಾದರೂ ಅದರ ಮೂಲ ರೂಪ ಮರಳಿ ಬಾರದು. ಆದ್ದರಿಂದ ಮುಂದಿನ ಮಳೆಗಾಲಕ್ಕೆ ಮೊದಲೇ ಸ್ಥಳ ಪರಿಶೀಲನೆ ನಡೆಸಿ, ಕೈಗೊಳ್ಳುವ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ವಿನಂತಿ.

ಇಂತಿ,
ಮಿರ್ಜಾನ್ ಪರಿಸರದ ನಾಗರಿಕರು